ಮಳೆಗಾಲದಲ್ಲಿ ಸೋಲುವ ಬಾಚಣಿಗೆ

ಜುಲೈ ತಿಂಗಳಲ್ಲಿ ಕಾರವಾರದ ಮಕ್ಕಳು ಪ್ಲಾಸ್ಟಿಕ್ ಬಾಚಣಿಗೆಯನ್ನು ತಲೆಗೂದಲಿಗೆ ಎಷ್ಟೇ ತಿಕ್ಕಲಿ, ಕಾಗದದ ಚೂರು ಅಲುಗುವುದೇ ಕಷ್ಟ. ತಿಕ್ಕಿದ ಬಾಚಣಿಗೆ ಕಾಗದದ ಚೂರುಗಳನ್ನು ಸೆಳೆಯುತ್ತದೆ ಎಂದು ಪುಸ್ತಕದಲ್ಲಿರುವುದು ಸುಳ್ಳಾ ಅಂತ ಅವರಿಗೆ ಅನ್ನಿಸಿದರೆ ತಪ್ಪೇನಿಲ್ಲ. ಅದೇ ಬಾಚಣಿಗೆ ಜನವರಿಯಲ್ಲಿ ಘಟ್ಟ ಹತ್ತಿ ಶಿರಸಿಗೆ ಬಂದರೆ, ಒಣ ಮಧ್ಯಾಹ್ನದಲ್ಲಿ ಚೂರುಗಳು ಹಾರಿ ಅಂಟಿಕೊಳ್ಳುತ್ತವೆ. ರಾತ್ರಿ ಸ್ವೆಟರ್ ಕಳಚುವಾಗ ಚಟಚಟ ಸದ್ದು ಬೇರೆ.

ಎರಡು ವಸ್ತು ತಿಕ್ಕಿ ಬೇರೆಯಾದಾಗ ಒಂದರ ಎಲೆಕ್ಟ್ರಾನ್‌ಗಳು, ಅಂದರೆ ವಿದ್ಯುತ್ತಿನ ಚಾರ್ಜ್ ಹೊತ್ತ ಅತಿ ಸಣ್ಣ ಕಣಗಳು, ಇನ್ನೊಂದಕ್ಕೆ ಹೋಗುತ್ತವೆ. ಹರಿಯಲು ದಾರಿಯಿಲ್ಲದೆ ಅಲ್ಲೇ ಕೂತ ಚಾರ್ಜೇ ಸ್ಥಿರ ವಿದ್ಯುತ್. ಕರಾವಳಿಯ ತೇವದ ಗಾಳಿಯಲ್ಲಿ ಎಲ್ಲದರ ಮೇಲೂ ಕಣ್ಣಿಗೆ ಕಾಣದ ನೀರಿನ ಪದರ ಕೂತಿರುತ್ತದೆ. ಚಾರ್ಜ್ ಅದರ ಮೂಲಕವೇ ಸೋರಿಹೋಗುತ್ತದೆ.

ತೇವದ ಈ ಕಾಟ ಹೊಸದಲ್ಲ. ಅಂಬರ್ ಎಂಬುದು ಮರದ ಅಂಟು ಕಾಲಾಂತರದಲ್ಲಿ ಕಲ್ಲಿನಂತಾದದ್ದು, ನಮ್ಮ ಕಾಡಿನ ಧೂಪದ ಅಂಟಿನ ದೂರದ ನೆಂಟ ಅನ್ನಬಹುದು. ಅದನ್ನು ತಿಕ್ಕಿದರೆ ಹಗುರ ವಸ್ತುಗಳನ್ನು ಸೆಳೆಯುತ್ತದೆ ಎಂದು ಗ್ರೀಕರಿಗೆ ಗೊತ್ತಿತ್ತು. 1600ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಗಿಲ್ಬರ್ಟ್ ಗಾಜು, ಗಂಧಕಕ್ಕೂ ಈ ಗುಣವಿದೆ ಎಂದು ತೋರಿಸಿದ. ತೇವವಿದ್ದರೆ ಸೆಳೆತ ಕುಗ್ಗುತ್ತದೆ ಎಂಬುದನ್ನೂ ಆತ ಗಮನಿಸಿದ್ದ. ಅಂಬರಿಗೆ ಗ್ರೀಕರು ಇಟ್ಟ 'ಎಲೆಕ್ಟ್ರಾನ್' ಎಂಬ ಹೆಸರಿನಿಂದಲೇ 'ಎಲೆಕ್ಟ್ರಿಕ್' ಹುಟ್ಟಿತು. 1729ರಲ್ಲಿ ಇಂಗ್ಲೆಂಡಿನ ಸ್ಟೀಫನ್ ಗ್ರೇ ದಾರದ ಮೂಲಕ ಚಾರ್ಜನ್ನು ದೂರಕ್ಕೆ ಸಾಗಿಸಿದ. ದಾರವನ್ನು ಒದ್ದೆ ಮಾಡಿದರೆ ಅದು ಇನ್ನೂ ಚೆನ್ನಾಗಿ ಸಾಗುತ್ತದೆ ಎಂದು ಕೆಲವು ವರ್ಷಗಳ ನಂತರ ಫ್ರಾನ್ಸಿನ ದು ಫೇ ಕಂಡುಕೊಂಡ. ಬಾಚಣಿಗೆಗೆ ಶತ್ರುವಾದ ತೇವ ಇಲ್ಲಿ ದಾರಿಯಾಯಿತು, ಅಲ್ವಾ!

ಈ ಪುಟ್ಟ ಕಿಡಿಯೂ ಆಕಾಶದ ಸಿಡಿಲೂ ಒಂದೇ ಎಂದು ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಹೇಳಿದ. 1752ರ ಮೇ ತಿಂಗಳಲ್ಲಿ ಫ್ರಾನ್ಸಿನಲ್ಲಿ ಎತ್ತರದ ಕಬ್ಬಿಣದ ಸಲಾಕೆ ನೆಟ್ಟು ಮೋಡದ ವಿದ್ಯುತ್ತನ್ನು ಇಳಿಸಿಯೂ ನೋಡಿದರು. ಮರುವರ್ಷ ಅಂಥದ್ದೇ ಪ್ರಯೋಗದಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನ ವಿಜ್ಞಾನಿ ರಿಖ್ಮನ್ ಸಿಡಿಲಿಗೆ ಬಲಿಯಾದರು.

ಮೋಡದೊಳಗೆ ಐಸ್ ಹರಳುಗಳೂ ಮೆತ್ತಗಿನ ಆಲಿಕಲ್ಲುಗಳೂ ಡಿಕ್ಕಿ ಹೊಡೆದು ಚಾರ್ಜ್ ಬೇರ್ಪಡುತ್ತದೆ. ಹಾಗಾಗಿ ನಮ್ಮಲ್ಲಿ ಬಾಚಣಿಗೆ ಸುಮ್ನೆ ಇದ್ದರೂ ಸಿಡಿಲು ಸುಮ್ನೆ ಇರುವುದಿಲ್ಲ. ಜೋರು ಮಳೆಯ ಜುಲೈಗಿಂತ ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲೇ ಅದರ ಅಬ್ಬರ ಜಾಸ್ತಿ. ಗುಡುಗು ಕೇಳಿದರೆ ಅಡಿಕೆ ತೋಟದಲ್ಲಿ ಮರದ ಬುಡಕ್ಕೆ ನಿಲ್ಲಬೇಡಿ, ಮನೆಯೊಳಗೆ ಬನ್ನಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆದ ಮೇಲೆ ಹೊರಗೆ ಹೊರಡಿ.

ಇನ್ನು ಬಾಚಣಿಗೆ ಪಾಠವನ್ನು ಕರಾವಳಿಯ ಶಾಲೆಗಳು ಜನವರಿಗೆ ಇಟ್ಟುಕೊಳ್ಳಲಿ. ಮಳೆಗಾಲದಲ್ಲಿ ಮಾಡಲೇಬೇಕಾದರೆ ಬಾಚಣಿಗೆಯನ್ನೂ ಕಾಗದವನ್ನೂ ಮೊದಲು ಒಲೆಯ ಹತ್ತಿರ ಸ್ವಲ್ಪ ಬೆಚ್ಚಗೆ ಒಣಗಿಸಿಕೊಳ್ಳಿ.