ಲ್ಯಾಬ್ ರಿಪೋರ್ಟು ಮತ್ತು ಸಡಿಲ ಬೆಣೆ

ಈ ವರ್ಷ ಮೂರನೇ ಸಲ ಒಬ್ಬರು ಕವರಿನಲ್ಲಿ ಲ್ಯಾಬ್ ರಿಪೋರ್ಟು ಹಿಡಿದುಕೊಂಡು ಬಂದರು. ತೀರ್ಥಹಳ್ಳಿ ಕಡೆಯ ಹಳೇ ತೊಟ್ಟಿ ಮನೆ. ಅದರ ಮೇಲೆ ಮರದಲ್ಲೇ ಇನ್ನೆರಡು ಅಂತಸ್ತು ಎಬ್ಬಿಸಿ ಹೋಮ್‌ಸ್ಟೇ ಮಾಡುವ ಆಸೆ. ತೊಲೆಯ ತುಂಡೊಂದನ್ನು ಕೊಯ್ದು ಟೆಸ್ಟಿಗೆ ಕಳಿಸಿದ್ದರು. "ಪಾಸಾಗಿದೆ ಸಾರ್. ಇನ್ನು ಭೂಕಂಪ ಬಂದರೂ ತೊಂದರೆ ಇಲ್ಲ, ಅಲ್ವಾ?"

ಪಾಸಾಗಿದ್ದು ಆ ತುಂಡು. ಮನೆಯನ್ನು ಯಾರೂ ಟೆಸ್ಟ್ ಮಾಡಿಲ್ಲ. ಇದನ್ನು ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕವಿಲ್ಲ. ಇವತ್ತು ಬಿಡಿಸಿ ಬರೆಯುತ್ತೇನೆ.

ತುಂಡನ್ನು ಯಂತ್ರದಲ್ಲಿಟ್ಟು ಒತ್ತಿದರೆ ಮರ ಎಷ್ಟು ಭಾರ ಹೊರುತ್ತದೆ ಅಂತ ಗೊತ್ತಾಗುತ್ತದೆ. ನಿಮ್ಮ ಮನೆಯ ಭಾರವನ್ನು ಅದು ಅಜ್ಜನ ಕಾಲದಿಂದ ಹೊತ್ತೇ ಇದೆ. ಭಾರ ಕೆಳಕ್ಕೆ ಒತ್ತುವಾಗ ಕಂಬ ಕಲ್ಲಿನ ಮೇಲೆ ಸುಮ್ನೆ ಕೂತಿದ್ದರೂ ನಡೆಯುತ್ತದೆ. ನೆಲ ಅಡ್ಡಡ್ಡ ಅಲುಗಿದಾಗ ಹಾಗಲ್ಲ. ಮನೆಯ ಒಂದು ಮಗ್ಗುಲು ಮೇಲೇಳಲು ನೋಡುತ್ತದೆ, ತಕ್ಷಣ ಇನ್ನೊಂದು ಮಗ್ಗುಲು. ಕಂಬ ಕಲ್ಲಿನಿಂದ ಜಾರಲು ನೋಡುತ್ತದೆ, ತೊಲೆ ಕಂಬದಿಂದ ಕಳಚಲು ನೋಡುತ್ತದೆ. ಆಗ ಹಿಡಿದುಕೊಳ್ಳಬೇಕಾದ್ದು ಬೆಣೆ, ಮೊಳೆ, ಬೋಲ್ಟು, ಕಬ್ಬಿಣದ ಪಟ್ಟಿ. ಮಾಡಿನಿಂದ ಪಾಯದವರೆಗೆ ಈ ಹಿಡಿತ ಎಲ್ಲೂ ತಪ್ಪಬಾರದು. ಒಂದು ಕಡೆ ತಪ್ಪಿದರೆ ಮನೆ ಅಲ್ಲೇ ಬಿಚ್ಚಿಕೊಳ್ಳುತ್ತದೆ. ಮರ ತೇಗವಾದರೂ ಅಷ್ಟೇ, ಬೀಟೆಯಾದರೂ ಅಷ್ಟೇ.

ಜಪಾನಿನ ಮಿಕಿ ಊರಿನಲ್ಲಿ ಇ-ಡಿಫೆನ್ಸ್ ಅಂತ ಅಲುಗುವ ವೇದಿಕೆ ಇದೆ. 20 ಮೀಟರ್ ಉದ್ದ, 15 ಮೀಟರ್ ಅಗಲ. 2009ರ ಜುಲೈನಲ್ಲಿ ಅಮೆರಿಕದ ಸಂಶೋಧಕರು ಅದರ ಮೇಲೆ ಆರು ಮಹಡಿಯ ಮರದ ಅಪಾರ್ಟ್‌ಮೆಂಟನ್ನೇ ನಿಲ್ಲಿಸಿ, ಕ್ಯಾಲಿಫೋರ್ನಿಯಾದ ನಾರ್ತ್‌ರಿಡ್ಜ್ ಭೂಕಂಪದ ಅಲುಗಾಟವನ್ನು ಇನ್ನೂ ಹೆಚ್ಚಿಸಿ ಅಲ್ಲಾಡಿಸಿದರು. ಒಳಗಿನ ಜಿಪ್ಸಮ್ ಬೋರ್ಡು ಬಿರುಕು ಬಿಟ್ಟಿತು, ಕಟ್ಟಡ ನಿಂತಿತು. ಬಳಸಿದ್ದು ನಮ್ಮ ತೇಗದ ಮುಂದೆ ತೀರಾ ಮೆದು ಮರ. ಆದರೆ ಗೋಡೆಯ ತುದಿಗಳಲ್ಲಿ ಬುಡದಿಂದ ಮೇಲಿನವರೆಗೆ ಉಕ್ಕಿನ ಸರಳು ಎಳೆದು ಬಿಗಿದಿದ್ದರು. ಗೋಡೆ ಹಲಗೆಗಳಿಗೆ ಮೊಳೆ ಒತ್ತೊತ್ತಾಗಿ ಹೊಡೆದಿದ್ದರು. 1994ರ ನಿಜವಾದ ಭೂಕಂಪದಲ್ಲಿ ಅದೇ ನಾರ್ತ್‌ರಿಡ್ಜ್‌ನಲ್ಲಿ ಮೂರು ಮಹಡಿಯ ಮರದ ಅಪಾರ್ಟ್‌ಮೆಂಟೊಂದರ ಕೆಳ ಅಂತಸ್ತು ಕುಸಿದು 16 ಜನ ಸತ್ತರು. ಕೆಳ ಅಂತಸ್ತಿನಲ್ಲಿ ಗೋಡೆ ಸಾಲದಿದ್ದರೆ ಹೀಗಾಗುತ್ತದೆ. ಕೆಳಗಿನ ಗೋಡೆ ತೆಗೆದು ಕಾರಿಗೆ ಜಾಗ ಮಾಡಿ ಎನ್ನುವವರು ಇದನ್ನು ಇನ್ನೊಮ್ಮೆ ಓದಿ, ದಯವಿಟ್ಟು.

ಇಲ್ಲಿ ದೊಡ್ಡ ಭೂಕಂಪ ಬಂದೇ ಬರುತ್ತದೆ ಅಂತ ನಾನು ಹೇಳುತ್ತಿಲ್ಲ. ಕಟ್ಟಡಗಳಿಗೆ ಭೂಕಂಪದ ಅಪಾಯ ಹೇಳುವ 2016ರ ಮಾನದಂಡದಲ್ಲಿ ಶಿವಮೊಗ್ಗ ಎರಡನೇ ವಲಯ, ಅಂದರೆ ಕಡಿಮೆ ಅಪಾಯದ್ದು. ಆದರೆ 1993ರಲ್ಲಿ ದೊಡ್ಡ ಭೂಕಂಪ ಬಂದ ಮಹಾರಾಷ್ಟ್ರದ ಲಾತೂರಿನ ಕಿಲ್ಲಾರಿಯೂ ಅಲ್ಲಿಯವರೆಗೆ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ಜಾಗವೇ ಆಗಿತ್ತು. 2021ರ ಜನವರಿಯಲ್ಲಿ ಶಿವಮೊಗ್ಗ ಹತ್ತಿರದ ಹುಣಸೋಡಿನ ಕ್ವಾರಿ ಬಳಿ ಸ್ಫೋಟಕ ಸಿಡಿದ ರಾತ್ರಿ ನಮ್ಮೂರು ಭೂಕಂಪ ಅಂದುಕೊಂಡು ಹೊರಗೆ ಓಡಿ ಬಂದಿತ್ತಲ್ಲ. ಮರುದಿನ ಬೆಳಗ್ಗೆಯಿಂದ ನನ್ನ ಫೋನು ಬಿಡುವು ಕೊಡಲಿಲ್ಲ. ಒಂದು ವಾರ ಕಳೆದ ಮೇಲೆ ಯಾರೂ ಕೇಳಲಿಲ್ಲ.

ತೀರ್ಥಹಳ್ಳಿಯ ಮನೆಗೆ ಮಾರ್ಚಿನಲ್ಲಿ ಹೋದೆ. ಬೇಸಿಗೆಯಲ್ಲೇ ಹೋಗಬೇಕು. ಮಳೆಗಾಲದಲ್ಲಿ ಮರ ಉಬ್ಬಿ ಎಲ್ಲ ಬಿಗಿಯಾಗಿಯೇ ಕಾಣುತ್ತದೆ. ಜಗಲಿಯ ಮೂಲೆ ಕಂಬದ ತಲೆಯಲ್ಲಿದ್ದ ಬೆಣೆಯನ್ನು ಎರಡೇ ಬೆರಳಲ್ಲಿ ಹಿಡಿದು ಎಳೆದೆ, ಕೈಗೇ ಬಂತು. ತುದಿಯನ್ನು ಒರಲೆ ತಿಂದಿತ್ತು. ಮನೆಯವರು ಅದನ್ನು ಅಂಗೈಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಅವರ ಊರಿನ ಆಚಾರಿಗೆ ನಾನು ಹೆಚ್ಚು ಹೇಳಬೇಕಾಗಲಿಲ್ಲ. ಎಪ್ಪತ್ತು ದಾಟಿದ ಜೀವ. "ಕಂಬ ಮೇಲೇಳದ ಹಾಗೆ ಹಿಡೀಬೇಕು, ಅಷ್ಟೇ ತಾನೆ?" ಅಂದರು. ಅಷ್ಟೇ.

ಎರಡು ಅಂತಸ್ತಿನ ಆಸೆ ಒಂದಕ್ಕೆ ಇಳಿಯಿತು. ಅದಕ್ಕೂ ಮಣ್ಣು, ಪಾಯ ಎಲ್ಲ ನೋಡಿಯೇ ಒಪ್ಪಿದೆ. ಕಂಬಗಳ ಬುಡಕ್ಕೂ ತಲೆಗೂ ಪಟ್ಟಿ, ಬೋಲ್ಟು ಬಂದವು. ಹೋದ ವಾರ ಮನೆಯವರ ಫೋನು: "ಪಟ್ಟಿ ಎದ್ದು ಕಾಣುತ್ತದೆ ಸಾರ್, ಹಲಗೆ ಹೊಡೆದು ಮುಚ್ಚಿಬಿಡಲಾ?" ಮುಚ್ಚಬೇಡಿ ಅಂದೆ. ಮಳೆ ಮುಗಿದು ಮರ ಒಣಗಿದ ಮೇಲೆ ನಟ್ಟುಗಳನ್ನು ಇನ್ನೊಂದು ಸುತ್ತು ಬಿಗಿ ಮಾಡಬೇಕು. ಆಚಾರಿಗೆ ಆಗಲೇ ಹೇಳಿಟ್ಟಿದ್ದೇನೆ.