ಬೆನ್ನುಹುರಿಗೆ ಪೆಟ್ಟು, ಕಿಡ್ನಿಗೆ ಕುತ್ತು

ಈಜಿಪ್ಟಿನ ಎಡ್ವಿನ್ ಸ್ಮಿತ್ ಪಪೈರಸ್ ಎಂಬ ವೈದ್ಯಕೀಯ ಹಸ್ತಪ್ರತಿ ಸುಮಾರು 3,600 ವರ್ಷ ಹಳೆಯದು. ಕುತ್ತಿಗೆ ಮೂಳೆ ಜಾರಿ ಕೈಕಾಲು ಸ್ವಾಧೀನ ತಪ್ಪಿದವನ ಕಥೆ ಅದರಲ್ಲಿದೆ. ಅರಿವಿಲ್ಲದೆ ಮೂತ್ರ ತೊಟ್ಟಿಕ್ಕುತ್ತದೆ ಎಂದೂ ಬರೆದಿದೆ. ವೈದ್ಯನ ತೀರ್ಮಾನ: ಇದಕ್ಕೆ ಚಿಕಿತ್ಸೆಯಿಲ್ಲ.

ಮೊದಲ ಮಹಾಯುದ್ಧದ ಹೊತ್ತಿಗೂ ಪರಿಸ್ಥಿತಿ ಜಾಸ್ತಿ ಬದಲಾಗಿರಲಿಲ್ಲ. ಬೆನ್ನುಹುರಿಗೆ ಪೆಟ್ಟಾದ ಸೈನಿಕರಲ್ಲಿ ಹೆಚ್ಚಿನವರು ಬಹಳ ದಿನ ಬದುಕಲಿಲ್ಲ. ಎಷ್ಟೋ ಜನರ ಜೀವ ತೆಗೆದದ್ದು ಬೆನ್ನಿನ ಗಾಯ ಅಲ್ಲ, ಮೂತ್ರದ ಸೋಂಕು ಮತ್ತು ಹಾಸಿಗೆ ಹುಣ್ಣು.

ಹೀಗೇಕೆ? ಮೂತ್ರಕೋಶ ತುಂಬಿದ ಸುದ್ದಿ ಮಿದುಳಿಗೆ ಹತ್ತುವುದೂ, 'ಈಗ ಬಿಡು' ಎಂಬ ಅಪ್ಪಣೆ ಇಳಿಯುವುದೂ ಬೆನ್ನುಹುರಿಯಲ್ಲೇ. ಆ ದಾರಿ ಕಡಿದರೆ ಮೂತ್ರಕೋಶ ಮೊದಲ ಕೆಲವು ವಾರ ಸುಮ್ನೆ ಚೀಲದ ಹಾಗೆ ಬಿದ್ದಿರುತ್ತದೆ. ಪೆಟ್ಟು ಹುರಿಯ ಮೇಲ್ಭಾಗಕ್ಕೆ ಬಿದ್ದಿದ್ದರೆ, ಆಮೇಲೆ ಅದು ತಾನಾಗಿಯೇ ಹಿಂಡತೊಡಗುತ್ತದೆ. ಆದರೆ ಮೂತ್ರಕೋಶದ ಬಾಯಿಯ ಸ್ನಾಯು ಅದೇ ಹೊತ್ತಿಗೆ ಬಿಗಿದುಕೊಳ್ಳುತ್ತದೆ. ಹೊರಗೆ ದಾರಿಯಿಲ್ಲ, ಒಳಗೆ ಒತ್ತಡ. ಮೂತ್ರ ಹಿಂದಕ್ಕೆ, ಕಿಡ್ನಿಯತ್ತ ನುಗ್ಗುತ್ತದೆ. ಇಷ್ಟಾದರೂ ಎಷ್ಟೋ ಸಲ ನೋವೇ ತಿಳಿಯುವುದಿಲ್ಲ. ನನ್ನ ಮಟ್ಟಿಗೆ ಅತಿ ಭಯದ ಸಂಗತಿ ಇದೇ.

1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಗೆ ವೈದ್ಯ ಲುಡ್ವಿಗ್ ಗುಟ್ಮನ್ ಬಂದರು. ಮೂತ್ರ ಹೊರತೆಗೆಯುವ ಕೊಳವೆಯನ್ನು, ಅಂದರೆ ಕ್ಯಾತಿಟರ್ ಅನ್ನು, ಒಳಗೇ ಬಿಟ್ಟರೆ ಸೋಂಕಿಗೆ ದಾರಿ ಮಾಡಿಕೊಟ್ಟಂತೆ. ಹೊತ್ತುಹೊತ್ತಿಗೆ ಹಾಕಿ, ಖಾಲಿ ಮಾಡಿ, ತೆಗೆಯಬೇಕು ಎಂಬ ಪದ್ಧತಿ ಅಲ್ಲಿ ಬೇರೂರಿತು. ಆದರೆ ಎಲ್ಲವೂ ಕ್ರಿಮಿರಹಿತವಾಗಿರಬೇಕಿತ್ತು. ಮನೆಯಲ್ಲಿ ಅದು ಹೇಗೆ ಸಾಧ್ಯ, ಅಲ್ವಾ?

ಅಮೆರಿಕದ ಮಿಷಿಗನ್‌ನಲ್ಲಿ ಮೂತ್ರರೋಗ ತಜ್ಞ ಜ್ಯಾಕ್ ಲ್ಯಾಪಿಡಸ್ 1972ರಲ್ಲಿ ಪ್ರಕಟಿಸಿದ ಮಾತು ಆಗಿನ ವೈದ್ಯರಿಗೆ ದಿಟ್ಟತನದ್ದು. ಅವರ ಪ್ರಕಾರ ನಿಜವಾದ ಶತ್ರು ಕ್ರಿಮಿಗಿಂತ ಹೆಚ್ಚಾಗಿ ಹಿಗ್ಗಿದ ಮೂತ್ರಕೋಶ. ಅತಿಯಾಗಿ ಹಿಗ್ಗಿದ ಗೋಡೆಗೆ ರಕ್ತ ಸರಿಯಾಗಿ ಹರಿಯದೆ, ಸೋಂಕು ತಡೆಯುವ ಶಕ್ತಿ ಕುಂದುತ್ತದೆ. ಹಾಗಾಗಿ ಕೈ ತೊಳೆದು, ಶುಭ್ರವಾದ ಕ್ಯಾತಿಟರ್‌ನಿಂದ ರೋಗಿಯೇ ಖಾಲಿ ಮಾಡಿಕೊಳ್ಳಬಹುದು. ಸೋಪು, ನೀರು, ಸ್ವಲ್ಪ ಜೆಲ್ಲಿ, ಒಂದು ತೆಳು ಕೊಳವೆ. ಸಾಮಾನ್ಯವಾಗಿ 4ರಿಂದ 6 ತಾಸಿಗೊಮ್ಮೆ, ಒಂದು ಸಲಕ್ಕೆ 500 ಮಿಲಿ ಮೀರದಂತೆ. ಆಸ್ಪತ್ರೆಯ ಕೈಯಲ್ಲಿದ್ದ ಕೆಲಸ ರೋಗಿಯ ಕೈಗೆ ಬಂತು. ನನಗೆ ಈ ಇತಿಹಾಸದ ಅತಿ ದೊಡ್ಡ ತಿರುವು ಇದೇ.

ಸೋಂಕು ಇಂದಿಗೂ ಬಿಟ್ಟಿಲ್ಲ. ಮೂತ್ರದಲ್ಲಿ ಬ್ಯಾಕ್ಟೀರಿಯಾ ಕಂಡಿತು ಎಂದ ಮಾತ್ರಕ್ಕೆ, ಜ್ವರವೋ ಬೇರೆ ಲಕ್ಷಣವೋ ಇಲ್ಲದೆ, ಆ್ಯಂಟಿಬಯಾಟಿಕ್ ಬೇಕಾಗುವುದಿಲ್ಲ. ಆದರೆ ಎದೆಭಾಗದ ಆರನೇ ಕಶೇರುಕ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಿಗೆ ದಿಢೀರ್ ತಲೆ ಸಿಡಿದು, ಮುಖ ಬೆವರಿ, ಬಿಪಿ ಏರಿದರೆ ತಡಮಾಡಬಾರದು. ಹೆಚ್ಚಾಗಿ ಇದಕ್ಕೆ ಕಾರಣ ತುಂಬಿದ ಮೂತ್ರಕೋಶ. ಅವರನ್ನು ಎದ್ದು ಕೂರಿಸಿ, ಬಿಗಿ ಬಟ್ಟೆ ಸಡಿಲಿಸಿ, ಕ್ಯಾತಿಟರ್ ಹಾಕಿದ್ದರೆ ಅದು ಎಲ್ಲಾದರೂ ಮಡಚಿಕೊಂಡಿದೆಯೇ ನೋಡಿ. ಇಳಿಯದಿದ್ದರೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ.