1,489 ಸಿಸಿ ಅಂಬಾಸಿಡರ್‌ಗಿಂತ 998 ಸಿಸಿ ಆಲ್ಟೊ ಚುರುಕಾಗಿರುವುದು ಹೇಗೆ?

ಪ್ರಶ್ನೆ: ನಮ್ಮ ಕಾಕಾ ಅವರದು ಹಳೆಯ ಪೆಟ್ರೋಲ್ ಅಂಬಾಸಿಡರ್, ನನ್ನದು ಆಲ್ಟೊ ಕೆ10. ಎಂಜಿನ್ ಅವರದೇ ದೊಡ್ಡದು. ಆದರೂ ಕಲಬುರಗಿಯಿಂದ ಹುಮನಾಬಾದ್ ಕಡೆಗೆ ಹೊರಟರೆ ಲಾರಿಗಳನ್ನು ದಾಟುವುದರಲ್ಲಿ ನನ್ನ ಕಾರೇ ಮುಂದು. ಕಾಕಾ ಮಾತ್ರ ನನ್ನ ಕಾರು ಓಡಿಸಿ ನೋಡಿ, ‘ಇದಕ್ಕ ದಮ್ಮಿಲ್ಲ’ ಎನ್ನುತ್ತಾರೆ. ಏಕೆ ಹೀಗೆ?

ಉತ್ತರ: ಸಿಸಿ ಎಂಬುದು ಸಿಲಿಂಡರುಗಳ ಒಳಗಾತ್ರವನ್ನಷ್ಟೇ ಹೇಳುತ್ತದೆ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಸರಣಿಯಿಂದ ರೂಪುಗೊಂಡು, 1950ರ ದಶಕದ ಕೊನೆಯಿಂದ 2014ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾದ ಅಂಬಾಸಿಡರ್‌ನ ಹಳೆಯ 1,489 ಸಿಸಿ ಪೆಟ್ರೋಲ್ ಎಂಜಿನ್ 4,200 ಆರ್‌ಪಿಎಂ (ನಿಮಿಷಕ್ಕೆ ತಿರುಗುವ ಸುತ್ತು) ಆಸುಪಾಸಿನಲ್ಲಿ ಸುಮಾರು 50 ಅಶ್ವಶಕ್ತಿ ಕೊಡುತ್ತಿತ್ತು. 2022ರಲ್ಲಿ ಬಂದ ಹೊಸ ಆಲ್ಟೊ ಕೆ10ರ ಎಂಜಿನ್ 5,500 ಆರ್‌ಪಿಎಂನಲ್ಲಿ ಸುಮಾರು 66 ಅಶ್ವಶಕ್ತಿ ಕೊಡುತ್ತದೆ.

ಈ ಅಂಕಿಗಳಿಂದಲೇ ಹಿಂದಕ್ಕೆ ಲೆಕ್ಕ ಹಾಕಿದರೆ ಒಂದು ಸ್ವಾರಸ್ಯ ಕಾಣುತ್ತದೆ. ಗರಿಷ್ಠ ಶಕ್ತಿ ಸಿಗುವ ಆ ಘಳಿಗೆಯಲ್ಲಿ ಎರಡೂ ಎಂಜಿನ್‌ಗಳ ಟಾರ್ಕ್, ಅಂದರೆ ತಿರುಗಿಸುವ ಬಲ, ಹೆಚ್ಚುಕಡಿಮೆ ಒಂದೇ, 85 ನ್ಯೂಟನ್ ಮೀಟರ್. ಅಂದರೆ ಮೂರರಲ್ಲಿ ಎರಡು ಪಾಲು ಗಾತ್ರದ ಎಂಜಿನ್ ಅಷ್ಟೇ ಬಲದಿಂದ ತಿರುಗಿಸುತ್ತದೆ, ಜೊತೆಗೆ ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸುತ್ತು ಅಧಿಕವಾಗಿ ತಿರುಗುತ್ತದೆ. ಅಂಬಾಸಿಡರ್‌ನ ಪ್ರತಿ ಸಿಲಿಂಡರಿಗೆ ಎರಡೇ ವಾಲ್ವ್, ಅಂದರೆ ಗಾಳಿ-ಪೆಟ್ರೋಲ್ ಒಳಬರುವ, ಹೊಗೆ ಹೊರಹೋಗುವ ಬಾಗಿಲುಗಳು. ಅವನ್ನು ತೆರೆಯಲು ಕೆಳಗಿನ ಕ್ಯಾಮ್‌ಶಾಫ್ಟಿನಿಂದ (ಉಬ್ಬುಗಳಿರುವ ತಿರುಗುವ ದಂಡ) ಉದ್ದನೆಯ ಪುಶ್‌ರಾಡ್‌ ಎಂಬ ಕಡ್ಡಿಗಳು ಮೇಲಕ್ಕೆ ತಳ್ಳಬೇಕು. ಅಷ್ಟು ಭಾರದ ಭಾಗಗಳು ಹೆಚ್ಚು ವೇಗಕ್ಕೆ ಒಗ್ಗುವುದಿಲ್ಲ. ಆಲ್ಟೊದ ಮೂರು ಸಿಲಿಂಡರುಗಳಿಗೆ ಒಟ್ಟು ಹನ್ನೆರಡು ವಾಲ್ವ್, ಕ್ಯಾಮ್‌ಶಾಫ್ಟ್‌ಗಳು ನೇರ ಅವುಗಳ ಮೇಲೆಯೇ ಇವೆ. ಇದಲ್ಲದೆ, ಅಂದಿನ ಕಡಿಮೆ ಆಕ್ಟೇನ್ ಪೆಟ್ರೋಲು ಒತ್ತಡಕ್ಕೆ ತಾನಾಗಿಯೇ ಹೊತ್ತಿಕೊಂಡು ಎಂಜಿನ್ ಟಕಟಕ ಬಡಿಯದಿರಲೆಂದು ಕಂಪ್ರೆಷನ್ನನ್ನು, ಅಂದರೆ ಸಿಲಿಂಡರಿನಲ್ಲಿ ಮಿಶ್ರಣವನ್ನು ಒತ್ತುವ ಪ್ರಮಾಣವನ್ನು, ತಗ್ಗಿಸಿಯೇ ಇಡುತ್ತಿದ್ದರು. ಒತ್ತಡ ಕಡಿಮೆಯಾದಷ್ಟೂ ಅದೇ ಪೆಟ್ರೋಲಿನಿಂದ ಸಿಗುವ ಕೆಲಸವೂ ಕಡಿಮೆ.

ಇನ್ನು ತೂಕ. ಅಂಬಾಸಿಡರ್ ಒಂದು ಟನ್ನಿಗೂ ಮೇಲೆ, ಆಲ್ಟೊ ಮುಕ್ಕಾಲು ಟನ್ನಿನ ಆಸುಪಾಸು. ಟನ್ನಿಗೆ ಇಷ್ಟು ಅಶ್ವಶಕ್ತಿ ಎಂದು ಲೆಕ್ಕ ಹಿಡಿದರೆ ಆಲ್ಟೊ ಸುಮಾರು ಎರಡು ಪಟ್ಟು ಮುಂದಿದೆ. ಫರಸಿ ಕಲ್ಲು ಹೇರಿದ ಲಾರಿಯ ಹಿಂದಿನಿಂದ ಹೊರಬಂದು ದಾಟುವಾಗ ಕೆಲಸಕ್ಕೆ ಬರುವುದು ಈ ಲೆಕ್ಕವೇ. ಆದರೆ ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ಏಸಿ ಹಾಕಿ, ಐವರನ್ನು ಕೂರಿಸಿ, ಡಿಕ್ಕಿಯಲ್ಲಿ ತೊಗರಿಬೇಳೆ ಚೀಲ ಇಟ್ಟರೆ ಆಲ್ಟೊದ ಮೇಲುಗೈ ಸಾಕಷ್ಟು ಕರಗುತ್ತದೆ ಎಂಬುದನ್ನೂ ಹೇಳಲೇಬೇಕು. ಅದೇ ಬಿಸಿಲಿನಲ್ಲಿ ಅಂಬಾಸಿಡರ್‌ನಂಥ ಕಾರ್ಬ್ಯುರೇಟರ್ (ಪೆಟ್ರೋಲನ್ನು ಗಾಳಿಯೊಡನೆ ಬೆರೆಸುವ ಹಳೆಯ ಸಾಧನ) ಕಾರುಗಳ ಪಾಡು ಬೇರೆ: ಎಂಜಿನ್ ಬಳಿಯ ಪಂಪಿನಲ್ಲೇ ಪೆಟ್ರೋಲ್ ಆವಿಯಾಗಿ ಗಾಡಿ ನಿಂತುಬಿಡುತ್ತಿತ್ತು, ಚಾಲಕರು ಬಾನೆಟ್ ಎತ್ತಿ ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಕಾಯುತ್ತಿದ್ದರು. ಆಲ್ಟೊದಂಥ, ಪೆಟ್ರೋಲನ್ನು ಸಿಂಪಡಿಸುವ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಪಂಪ್ ಟ್ಯಾಂಕಿನೊಳಗೇ ಇದ್ದು ಒತ್ತಡದಲ್ಲಿ ಪೆಟ್ರೋಲ್ ಕಳಿಸುವುದರಿಂದ ಈ ತೊಂದರೆ ಬಹುಮಟ್ಟಿಗೆ ಇಲ್ಲ.

ಕಾಕಾ ಅವರ ದೂರೂ ಸುಳ್ಳಲ್ಲ. ಅಂಬಾಸಿಡರ್‌ನ ಗರಿಷ್ಠ ಟಾರ್ಕ್ 2,500 ಆರ್‌ಪಿಎಂ ಒಳಗೇ ಸಿಗುತ್ತಿತ್ತು, ಆಲ್ಟೊದ್ದು 3,500ಕ್ಕೆ. ಹಾಗಾಗಿ ಅವರ ಕೈ ಟಾಪ್ ಗೇರಿನಲ್ಲೇ ನಿಧಾನ ಎಳೆಸುವುದಕ್ಕೆ ಒಗ್ಗಿಹೋಗಿದೆ. ಆಲ್ಟೊದಲ್ಲಿ ಮುಂದಿನ ಸಲ ಲಾರಿ ದಾಟುವ ಮೊದಲು, ಎಂಜಿನ್ ಸುತ್ತು ಏರುವಂತೆ ಮೂರನೇ ಗೇರಿಗೆ ಇಳಿಸಿ ನೋಡಿ ಎಂದು ಅವರಿಗೆ ಹೇಳಿ.